ಮೀಟರಪ್ಪನ ಲಾಭ

ತಪ್ಪಾದದ್ದು ಒಂದೇ ಒಂದು ಸಾಲಿನಲ್ಲಿ. ಇಪ್ಪತ್ತೆರಡು ವರ್ಷ ಮನೆಮನೆಯ ನೀರಿನ ಮೀಟರು ಓದಿ, ಒಂದಂಕಿಯನ್ನೂ ತಪ್ಪು ಬರೆಯದೆ, ತಾನಿರುವ ಇಡೀ ಕಟ್ಟಡದಿಂದ ಮೀಟರಪ್ಪ ಅನ್ನಿಸಿಕೊಂಡ ಮನುಷ್ಯ, ಸ್ವಂತ ಕೆಲಸಕ್ಕೆ ಬಂದಾಗ ಬಿಡಿಭಾಗಗಳ ದರಪಟ್ಟಿಯ ಕೊನೆಯ ಸಾಲನ್ನು ಓದಿಬಿಟ್ಟ. ಅದು ಒಟ್ಟಿಗೆ ಸಾವಿರ ಕೊಳ್ಳುವವರ ದರ. ಅವನಿಗೆ ಬೇಕಾಗಿದ್ದದ್ದು ಹತ್ತೋ ಇಪ್ಪತ್ತೋ.

ವಿಷಯ ಇಷ್ಟೆ. ಈಗ ಯಾರೂ ಮಾಡದ ಒಂದು ಹಳೇ ಕಾಲದ ಗೇಮ್ ಮಷೀನಿಗೆ ಮೀಟರಪ್ಪ ತಾನೇ ಒಂದು ಆಟ ಬರೆದಿದ್ದ. ಅದರಲ್ಲಿ ಖಾಕಿ ಅಂಗಿಯ ಪುಟ್ಟ ಮನುಷ್ಯನೊಬ್ಬ ಬೀದಿನಾಯಿಗಳಿಂದ ತಪ್ಪಿಸಿಕೊಳ್ಳುತ್ತಾ ಮೀಟರು ಓದುತ್ತಾನೆ. ಹೆಸರು ‘ಬಂತು ನಾಯಿ’. ಮಷೀನಿನ ಬಾಯಿಗೆ ತೂರಿಸಿ ಆಡುವ ಪ್ಲಾಸ್ಟಿಕ್ ಡಬ್ಬಿ, ಒಳಗೆ ಆಟ ತುಂಬಿದ ಚಿಪ್, ಮೇಲೆ ಬಣ್ಣದ ಲೇಬಲ್ಲು. “ಒಂದು ಕಾರ್ಟ್ರಿಡ್ಜಿಗೆ ಇನ್ನೂರು ಬೀಳುತ್ತೆ ಕಣೇ. ಐನೂರಕ್ಕೆ ಮಾರ್ತೀನಿ. ಬಂದ ಲಾಭದಲ್ಲಿ ನಿನ್ನ ಹೊಲಿಗೆ ಮಷೀನಿಗೆ ಮೋಟರು!” ಎಂದು ಹೆಂಡತಿಯ ಮುಂದೆ ಎದೆಯುಬ್ಬಿಸಿ ಹೇಳಿದ್ದ.

ಮಾದರಿಗೆಂದು ಒಂದನ್ನು ಮಾಡಿ ಮುಗಿಸುವಷ್ಟರಲ್ಲಿ ಎದೆ ಒಳಕ್ಕೆ ಹೋಗಿತ್ತು. ಡಬ್ಬಿಗೆ ಒಂದು ದರ, ಚಿಪ್‌ಗೆ ಅದರ ಅಪ್ಪನಂಥ ದರ. ಲೇಬಲ್ಲಿನ ಅಗಲ ಕೂದಲೆಳೆಯಷ್ಟು ಹೆಚ್ಚಾಗಿ ಮಷೀನಿನ ಬಾಯಲ್ಲಿ ಮುದುಡಿಕೊಂಡಿತು. “ಅಳತೆ ಕೊಟ್ಟಿದ್ದು ನೀವೇ ತಾನೆ?” ಎಂದು ಪ್ರೆಸ್ಸಿನವನು ಮತ್ತೆ ಅಚ್ಚುಹಾಕಿ ಮತ್ತೆ ಹಣ ತೆಗೆದುಕೊಂಡ. ಕೂಡಿಸಿ ನೋಡಿದರೆ ಒಂದೊಂದಕ್ಕೂ ಏಳುನೂರ ನಲವತ್ತು. ಅಂದರೆ ಒಂದು ಮಾರಿದರೆ ಇನ್ನೂರ ನಲವತ್ತು ಕೈಯಿಂದ ಹೋದಂತೆ. ಅಂಕಿ ಓದಿಯೇ ಅನ್ನ ತಿನ್ನುವವನು ಅಂಕಿಯಲ್ಲೇ ಎಡವಿದ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು? ವಾರವಿಡೀ ಸಪ್ಪೆ ಮೋರೆ ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದ.

ಭಾನುವಾರ ಬೆಳಿಗ್ಗೆ ಬಾಗಿಲು ಬಡಿದವನು ಇಸ್ತ್ರಿಯವನು.

“ಸಾರ್, ನನಗೊಂದು ಆಟ,” ಎಂದು ಐನೂರು ಮುಂಗಡ ಮೇಜಿನ ಮೇಲಿಟ್ಟ.

ಮೀಟರಪ್ಪ ನೋಟನ್ನು ಅವನ ಕಡೆಗೇ ತಳ್ಳಿದ. “ಅಷ್ಟೇನೂ ಚೆನ್ನಾಗಿಲ್ಲಪ್ಪ ಅದು. ನಾಯಿ ಬರುತ್ತೆ, ಕಚ್ಚುತ್ತೆ, ಮುಗೀತು.”

“ಕಚ್ಚಲಿ ಬಿಡಿ ಸಾರ್.”

ಹಿಂದೆಯೇ ಮೇಲಿನ ಮನೆಯ ನಿವೃತ್ತ ಹೆಡ್‌ಮಿಸ್ಟ್ರೆಸ್ ಬಂದರು. “ಕಣ್ಣಿಗೆ ಒಳ್ಳೇದಲ್ಲ ಮೇಡಂ,” ಎಂದು ಮೀಟರಪ್ಪ ಅಂಗಲಾಚಿದ. “ನನ್ನ ಕಣ್ಣಿನ ಯೋಚನೆ ನಿನಗ್ಯಾಕಯ್ಯ? ಹೆಸರು ಬರ್ಕೋ,” ಎಂದು ಗದರಿದರು. ಆಮೇಲೆ ಕ್ಷೌರದಂಗಡಿಯವನು, ಆಮೇಲೆ ಹಾಲಿನವನು. ಬೇಡ ಬೇಡ ಅಂದಷ್ಟೂ ಜನ ನೋಟು ಚಾಚುತ್ತಿದ್ದರು. ಹೆಂಡತಿ ಮಾತ್ರ ಹಿಗ್ಗಿನಿಂದ ಹೆಸರು ಬರೆದುಕೊಳ್ಳುತ್ತಿದ್ದಳು.

ಮಧ್ಯಾಹ್ನಕ್ಕೆ ಏಳು ಆರ್ಡರು. ನಷ್ಟ ಸಾವಿರದ ಆರುನೂರ ಎಂಬತ್ತು. ನಾಚಿಕೆಯಿಂದ ಕಿವಿ ಬಿಸಿಯಾಗಿದ್ದರೂ ಒಳಗೊಳಗೇ ಒಂದು ಸಂತೋಷ ತಡೆಯಲಾಗಲಿಲ್ಲ. ಏಳು ಜನ! ತನ್ನ ಆಟಕ್ಕೆ ಏಳು ಜನ! ಅಂಥವರಿಗೆ ಸುಳ್ಳು ಹೇಳಬಾರದು, ಮುಂಗಡ ಹಿಂತಿರುಗಿಸಿ ತಪ್ಪೊಪ್ಪಿಕೊಂಡುಬಿಡಬೇಕು. ಹೆಂಡತಿಗೆ ಹೇಳುವ ಮೊದಲು ಸ್ವಲ್ಪ ಅಭ್ಯಾಸವಾಗಲಿ ಎಂದು ಕ್ಷೌರದಂಗಡಿಗೆ ನಡೆದ.

ಅಂಗಡಿಯವನು ಯಾರದೋ ಕೆನ್ನೆಗೆ ನೊರೆ ಹಚ್ಚುತ್ತಿದ್ದ. ಮೀಟರಪ್ಪ ತಲೆ ತಗ್ಗಿಸಿ, “ಲೆಕ್ಕ ತಪ್ಪಿಬಿಟ್ಟಿದೀನಿ. ಐನೂರಕ್ಕೆ ಕೊಟ್ಟರೆ ನನಗೆ ಪೂರೈಸಲ್ಲ. ನಿಮ್ಮ ದುಡ್ಡು ತಗೊಂಡ್ಬಿಡಿ,” ಎಂದ.

“ನನ್ನ ದುಡ್ಡೆಲ್ಲಿ ಬಂತು ಸಾರ್? ಅದು ಅಕ್ಕನ ದುಡ್ಡಲ್ವಾ?”

“ಯಾವ ಅಕ್ಕ?”

“ನಿಮ್ಮ ಮನೆಯವರೇ! ಆಟ ಯಾರಿಗೂ ಬೇಡವಲ್ಲ ಅಂತ ನೀವು ವಾರದಿಂದ ಕೊರಗ್ತಿದೀರಂತೆ. ನೋಡಕ್ಕಾಗದೆ ನಮಗೆಲ್ಲ ಆರಾರು ನೂರು ಕೊಟ್ರು. ಐನೂರು ನಿಮಗೆ, ನೂರು ನಮ್ಮ ತೊಂದರೆಗೆ. ಮೋಟರಿಗೆ ಅಂತ ಕೂಡಿಟ್ಟಿದ್ದಂತೆ ಪಾಪ.” ಅಂಗಡಿಯವನು ಡ್ರಾಯರಿನಿಂದ ನೂರರ ನೋಟು ತೆಗೆದ. “ನನಗೇನು ತೊಂದರೆ, ನಾಲ್ಕು ಮೆಟ್ಟಿಲು ಹತ್ತಿದ್ದು. ಇದನ್ನ ಅಕ್ಕಂಗೆ ಕೊಟ್ಬಿಡಿ. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ.”

“ನಿಮ್ಮ ಮನೇಲಿ ಗೇಮ್ ಮಷೀನ್ ಇದೆಯಾ?” ಮೀಟರಪ್ಪನ ದನಿ ಸಣ್ಣದಾಗಿತ್ತು.

“ಓ, ಅದಕ್ಕೆ ಮಷೀನು ಬೇರೆ ಬೇಕಾ?”

ನೊರೆ ಹಚ್ಚಿಸಿಕೊಂಡವನು ಕನ್ನಡಿಯಲ್ಲೇ ಮೀಟರಪ್ಪನನ್ನು ನೋಡಿ ನಕ್ಕ. ಭೂಮಿ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದ ಮೀಟರಪ್ಪ. ಆ ಏಳು ಜನರಲ್ಲಿ ನಿಜವಾಗಿ ಆಟ ಬೇಕಾದವನು ಒಬ್ಬನೂ ಇಲ್ಲ. ಕಳೆದದ್ದು ತನ್ನ ಜೇಬಿನಿಂದ ಒಂದು ಪಾಲು, ಅವಳ ಉಳಿತಾಯದ ಡಬ್ಬಿಯಿಂದ ಎರಡೂವರೆ ಪಾಲು. ಎಲ್ಲಕ್ಕೂ ಕಾರಣ ತಾನು ಬಾಯಿ ಬಿಡದೆ ಕೂತದ್ದು. ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದುಕೊಂಡು ಮನೆಯ ಮೆಟ್ಟಿಲು ಹತ್ತಿದ.

ಬಾಗಿಲಲ್ಲೇ ಹೆಂಡತಿ ನಿಂತಿದ್ದಳು. “ರೀ, ಇನ್ನೊಂದು ಆರ್ಡರ್ ಬಂತು!”

“ಯಾರದು?”

ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಕಿಟಕಿಯ ಕಡೆ ತಿರುಗಿ, “ಕೆಳಗಿನ ಮನೆ ಅಜ್ಜಂದು,” ಎಂದಳು. ಆ ಅಜ್ಜನ ಎರಡೂ ಕಣ್ಣಿಗೆ ಆಪರೇಷನ್ ಆಗಿ ಪಟ್ಟಿ ಕಟ್ಟಿ ಇನ್ನೂ ಎರಡು ದಿನವಾಗಿರಲಿಲ್ಲ.

ಮೀಟರಪ್ಪ ಬಾಯಿ ತೆರೆದ. ಅವಳ ಕಿವಿಯ ತುದಿಯೂ ಕೆಂಪಾಗಿದ್ದದ್ದು ಕಂಡಿತು. ನಾಚಿಕೆ ಎಷ್ಟು ಭಾರವೆಂದು ಅವನಿಗೆ ಇವತ್ತಷ್ಟೇ ತಿಳಿದಿತ್ತು. ಅದನ್ನು ಅವಳ ತಲೆಗೆ ಹೊರಿಸಲು ಮನಸ್ಸು ಬರಲಿಲ್ಲ.

“ಅಜ್ಜಂಗೆ ಆಟ ಹಿಡಿಸುತ್ತೆ, ಬರ್ಕೋ,” ಎಂದ.