ಐದನೆಯ ಮಹಡಿಯ ಶ್ವಾಸ ಮಂಡಳಿ

ಹೊಗೆ ನುಂಗಿ ಶ್ವಾಸಕೋಶ ಕೆಟ್ಟವರನ್ನು ಪರಿಶೀಲಿಸುವ ಮಂಡಳಿಯ ಕಚೇರಿಯು ನಮ್ಮ ವಾಲ್ಪರೈಸೊ ನಗರದಲ್ಲಿ, ಲಿಫ್ಟ್ ಇಲ್ಲದ ಕಟ್ಟಡವೊಂದರ ಐದನೆಯ ಮಹಡಿಯಲ್ಲಿದೆ. ಮೇಲೆ ಗಾಳಿ ಚೆನ್ನಾಗಿರುವುದೇ ಕಾರಣವೆಂದು ದಾಖಲೆ ಹೇಳುತ್ತದೆ.

ಬಾಲ್ದೊಮೆರೊ ಬೇಕರಿಯವನು, ನಮ್ಮೂರಿನ ಎಲ್ಲ ಅಗ್ನಿಶಾಮಕರಂತೆ ಸಂಬಳವಿಲ್ಲದ ಸ್ವಯಂಸೇವಕ. ಹಾಸಿಗೆ ಗೋದಾಮಿಗೆ ಬೆಂಕಿ ಬಿದ್ದಾಗ ಒಳಗೆ ನುಗ್ಗಿ ಕಾವಲುಗಾರನನ್ನು ಹೊತ್ತು ತಂದ. ಮೈಮೇಲೆ ಒಂದು ಬೊಬ್ಬೆಯೂ ಇರಲಿಲ್ಲ, ಎಲ್ಲರೂ ಅಭಿನಂದಿಸಿದರು. ಮೂರನೆಯ ದಿನ ನ್ಯುಮೋನಿಯಾ ಬಂತು. ಎರಡು ತಿಂಗಳಲ್ಲಿ ದನಿ ಗೊಗ್ಗರಾಯಿತು. ಒಳಗಾಯ ಮಾಯುತ್ತ ಶ್ವಾಸನಾಳ ಕಿರಿದಾಗಿ, ಉಸಿರೆಳೆದರೆ ಸೀಟಿಯ ಸದ್ದು. ಆಪರೇಷನ್ ಮಾಡಿ ನಾಳ ಅಗಲಿಸದಿದ್ದರೆ ಉಳಿಯುವುದಿಲ್ಲ ಎಂದರು ವೈದ್ಯರು. ಅದಕ್ಕೆ ಮಂಡಳಿಯ ಮೊಹರು ಬೇಕು.

ಮೊದಲ ಸಲ ಬಾಲ್ದೊಮೆರೊ ಎರಡನೆಯ ಮಹಡಿಯಲ್ಲೇ ಕುಸಿದು ಕೂತ. ಹೆಂಡತಿ ಎದೆಲ್ವಿರಾ ಒಬ್ಬಳೇ ಹತ್ತಿದಳು.

"ಅವರ ಕೈಲಿ ಹತ್ತೋಕಾಗ್ತಿಲ್ಲ ಸ್ವಾಮಿ. ನೀವೇ ಇಳಿದು ನೋಡಿ."

"ಹಾಜರಾಗದವರ ಅರ್ಜಿ ತಗೊಳ್ಳೋಕೆ ಬರಲ್ಲಮ್ಮ," ಎಂದರು ಕಾರ್ಯದರ್ಶಿ ದೋನ್ ಫರ್ಮಿನ್.

"ಹೇಗಾದ್ರೂ ಹತ್ತಿಸ್ಕೊಂಡು ಬಂದ್ರೆ?"

"ಐದು ಮಹಡಿ ಹತ್ತಿ ಬಂದು ನೆಟ್ಟಗೆ ನಿಂತೋರಿಗೆ ಕಾಯಿಲೆ ಇರೋಕೆ ಸಾಧ್ಯವಿಲ್ಲ. ನಿಯಮ ಹದಿನಾಲ್ಕು."

"ಇದುವರೆಗೆ ಯಾರಿಗಾದ್ರೂ ಮಂಜೂರಾಗಿದೆಯಾ?"

"ಇಲ್ಲ. ನಮ್ಮ ಜನ ಬಹಳ ಗಟ್ಟಿ," ಎಂದು ಅವರು ಹೆಮ್ಮೆಪಟ್ಟರು.

ಮುಂದಿನ ಸೋಮವಾರ ಅಗ್ನಿಶಾಮಕ ದಳದ ಕ್ಯಾಪ್ಟನ್ ಒಸ್ಸಾಂದೊನ್ ಮತ್ತು ಮೂವರು ಜೊತೆಗಾರರು ಬಾಲ್ದೊಮೆರೊನನ್ನು ಕುರ್ಚಿ ಸಮೇತ ಹೊತ್ತರು. ಪ್ರತಿ ತಿರುವಿನಲ್ಲೂ ಅವನು ಪಿಸುದನಿಯಲ್ಲಿ ಕ್ಷಮೆ ಕೇಳಿದ.

"ಬಾಯ್ಮುಚ್ಚು ಮಾರಾಯ, ಉಸಿರು ಉಳಿಸ್ಕೋ!" ಎಂದ ಕ್ಯಾಪ್ಟನ್. "ಎದೆಲ್ವಿರಮ್ಮ, ಇವನಿಗೆ ಏನು ತಿನ್ನಿಸ್ತೀರಾ? ಅಡುಗೆಗೆ ಸ್ವಲ್ಪ ರಜೆ ಕೊಡಿ!"

ಮೇಲೆ ತಲುಪಿದೊಡನೆ ನಾಲ್ವರೂ ನೆಲಕ್ಕೆ ಬಿದ್ದು ಏದುಸಿರು ಬಿಟ್ಟರು. ಮಂಡಳಿಯ ವೈದ್ಯರು ಐವರನ್ನೂ ಸಾಲಾಗಿ ಪರೀಕ್ಷಿಸಿದರು. ನಾಲ್ವರಿಗೆ ತೀವ್ರ ಉಸಿರಾಟದ ತೊಂದರೆ. ಹಿರಿಯನಾದ ಒಸ್ಸಾಂದೊನ್‌ಗೆ ತಕ್ಷಣ ಶ್ವಾಸನಾಳದ ಆಪರೇಷನ್ ಮಂಜೂರು. ಬಾಲ್ದೊಮೆರೊನ ಬಗ್ಗೆ ಬರೆದದ್ದು: ಆರಾಮವಾಗಿ ಕುಳಿತಿದ್ದಾರೆ, ಉಸಿರಿನಲ್ಲಿ ಇಂಪಾದ ನಾದವಿದೆ.

"ಆಪರೇಷನ್ ಬೇಕಾಗಿರೋದು ಇವರಿಗೆ!" ಎಂದು ಎದೆಲ್ವಿರಾ ಚೀರಿದಳು.

"ಐದು ಜನರಲ್ಲಿ ಕಷ್ಟಪಡದೆ ಮೇಲೆ ಬಂದೋರು ಇವರೊಬ್ಬರೇ ಅಲ್ವೇನಮ್ಮ?" ಎಂದರು ದೋನ್ ಫರ್ಮಿನ್.

ಕ್ಯಾಪ್ಟನ್ ಮೊಹರು ಬಿದ್ದ ಕಾಗದವನ್ನು ಮಡಚಿ ಬಾಲ್ದೊಮೆರೊನ ಜೇಬಿಗೆ ತುರುಕಿದ.

ಗುರುವಾರ ಒಸ್ಸಾಂದೊನ್ ಹೆಸರಿನಲ್ಲಿ ಬಾಲ್ದೊಮೆರೊ ಆಸ್ಪತ್ರೆಯಲ್ಲಿ ಮಲಗಿದ. ಕಾಗದ ಸರಿಯಿದ್ದುದರಿಂದ ಮುಖವನ್ನು ಯಾರೂ ನೋಡಲಿಲ್ಲ. ನಾಳ ತೆರೆಯಿತು. ಕಣ್ಣು ಬಿಟ್ಟವನು ಆಳವಾಗಿ ಉಸಿರೆಳೆದು ಹೆಂಡತಿಯನ್ನು ಹೆಸರು ಹಿಡಿದು ಕರೆದ; ಅವಳು ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

ಆಪರೇಷನ್ ಆದವರು ಮೂರು ತಿಂಗಳು ಜೋರಾಗಿ ಮಾತನಾಡಕೂಡದೆಂದು ನಿಯಮವಿದೆ. ಹಾಗಾಗಿ ಕ್ಯಾಪ್ಟನ್ ಒಸ್ಸಾಂದೊನ್ ಈಗ ಬೆಂಕಿ ಬಿದ್ದಲ್ಲೆಲ್ಲ ಕೈಸನ್ನೆಯಲ್ಲೇ ಆಜ್ಞೆ ಕೊಡುತ್ತಾನೆ. ದಳದವರು ಅವನ ಗಂಟಲಿನ ಆರೋಗ್ಯವನ್ನು ದಿನವೂ ವಿಚಾರಿಸುತ್ತಾರೆ.