ಹಾರ್ನ್ ಇಲ್ಲದ ಸ್ಟಿಯರಿಂಗ್

ಬೇರೆ ಬೇರೆ ಕಾಲದವರನ್ನು ಹೋಲಿಸಿ ವಾದ ಮಾಡುವುದರಲ್ಲಿ ಒಂದು ದೊಡ್ಡ ಅನುಕೂಲವಿದೆ. ನಾವು ಸೋಲುವುದೇ ಇಲ್ಲ. ಅಂದಿನವರನ್ನು ಕರೆತಂದು ಇಂದಿನವರ ಪಕ್ಕ ನಿಲ್ಲಿಸಿ ನೋಡೋಣ ಎನ್ನುವ ಹಾಗಿಲ್ಲವಲ್ಲ. ಆ ಧೈರ್ಯದ ಮೇಲೆಯೇ ನಾನು, ಒಂದು ಕಡೆ ನೆಟ್ಟಗೆ ಕೂರಲಾರದ ಮನುಷ್ಯ, ಟೀವಿಯಲ್ಲಿ ಕಾರ್ ರೇಸ್ ಬಂತೆಂದರೆ ಸೋಫಾಕ್ಕೂ ಬಾಗಿಲಿಗೂ ಓಡಾಡುತ್ತಾ ಹಳಬರ ಪರವಾಗಿ ಕೂಗಾಡುತ್ತೇನೆ. "ಆಗಿನವರು ಒಂದು ಕೈಯಲ್ಲಿ ಗೇರು, ಇನ್ನೊಂದು ಕೈಯಲ್ಲಿ ಪ್ರಾಣ ಹಿಡ್ಕೊಂಡು ಓಡಿಸ್ತಿದ್ರು. ಈಗಿನವರಿಗೆ ಕಿವಿಯ ರೇಡಿಯೋದೊಳಗೆ ಒಬ್ಬ ಕೂತು ನಿಧಾನ, ಜೋರು, ಟಯರು ಸವೀತು ಅಂತ ಹೇಳ್ತಾನೇ ಇರ್ತಾನೆ. ಅದೂ ಒಂದು ಡ್ರೈವಿಂಗಾ?" ಎಂದರೆ ನನ್ನ ಹೆಂಡತಿ ಸುಮ ಅವರೆಕಾಯಿ ಬಿಡಿಸುತ್ತಲೇ, "ಅಂಗಾದ್ರೆ ಮೇಟಗಳ್ಳಿ ಸಿಗ್ನಲ್‌ನಲ್ಲಿ ನಾನ್ ಬ್ರೇಕ್ ಹಾಕಿ ಅಂತ ಹೇಳ್ದೇ ಇದ್ದಿದ್ರೆ ನೀವು ಎಲ್ಲಿರ್ತಿದ್ರಿ?" ಎನ್ನುತ್ತಾಳೆ.

ಮಗಳು ಸಿಂಚನಳದು ಬೇರೆಯೇ ದಾರಿ. ಅವಳು ಊಟದ ಮೇಜಿಗೆ ಒಂದು ಸ್ಟಿಯರಿಂಗ್ ಬಿಗಿದು, ಕೆಳಗೆ ಪೆಡಲುಗಳನ್ನಿಟ್ಟು, ಕಂಪ್ಯೂಟರ್ ಪರದೆಯ ಮೇಲೆ ಜಗತ್ತಿನ ರೇಸ್ ಟ್ರ್ಯಾಕುಗಳನ್ನೆಲ್ಲ ಸುತ್ತುತ್ತಾಳೆ. ಅದು ಬಂದಾಗಿನಿಂದ ನಾವು ನೆಲದ ಮೇಲೆ ಕೂತು ಉಣ್ಣುತ್ತಿದ್ದೇವೆ. ಅದನ್ನೂ ಸಹಿಸಿದ್ದೆ. ಆದರೆ ಲೈಸೆನ್ಸ್ ಕೈಗೆ ಬಂದದ್ದೇ, ಭಾನುವಾರ ಇಲವಾಲದಲ್ಲಿ ನನ್ನ ತಂಗಿಯ ಮನೆಯ ಗೃಹಪ್ರವೇಶಕ್ಕೆ ತಾನೇ ಕಾರು ಓಡಿಸುತ್ತೇನೆ ಎಂದಳು. ಈ ಮನೆಗೆ ನಾನು ಯಜಮಾನ ಎನ್ನುವುದಕ್ಕೆ ಉಳಿದಿರುವ ಒಂದೇ ಸಾಕ್ಷಿ ಆ ಕಾರಿನ ಕೀ.

"ಮೇಜು ಓಡಿಸಿದವರಿಗೆಲ್ಲ ಕಾರು ಕೊಡೋಕಾಗಲ್ಲ ಕಣಮ್ಮ" ಎಂದೆ.

"ಸರಿ ಅಪ್ಪಾ. ನಿಮ್ಮ ಹಳೇ ಕಾಲದ ಕಾರೂ ಇದರಲ್ಲಿದೆ. ಗೋಡೆಗೆ ಗುದ್ದದೆ ಒಂದೇ ಒಂದು ಸುತ್ತು ಬಂದ್ಬುಡಿ, ಕೀ ನಿಮ್ಮದೇ. ಇಲ್ದಿದ್ರೆ ನಂದು."

ಪಂಚೆ ಎತ್ತಿ ಕಟ್ಟಿ ಕೂತೆ. ಮೊದಲ ತಿರುವು ಬಂತು. ಮೈಸೂರಿನ ಗಲ್ಲಿಗಳಲ್ಲಿ ಪಳಗಿದ ಕೈ ನೋಡಿ, ತಾನಾಗಿಯೇ ಹಾರ್ನಿಗೆ ಹೋಯಿತು. ಅಲ್ಲಿ ಹಾರ್ನೇ ಇಲ್ಲ! ಒತ್ತಿದೆ, ಗುದ್ದಿದೆ. "ಹಾರ್ನ್ ಎಲ್ಲೇ?" ಎಂದು ಕೂಗುವಷ್ಟರಲ್ಲಿ ಟ್ರ್ಯಾಕಿನ ಅಂಚಿನ ಕೆಂಪು-ಬಿಳಿ ಪಟ್ಟೆ ಕಾಣಿಸಿತು. ಹಂಪ್ ಇರಬೇಕೆಂದು ಬ್ರೇಕ್ ಅದುಮಿದೆ. ಹಿಂದಿನಿಂದ ಬಂದವನು ಗುದ್ದಿದ. ಅವನನ್ನು ಬೈಯಲು ಬಲಕ್ಕೆ ಕತ್ತು ಚಾಚಿದರೆ ಕಂಡದ್ದು ನಮ್ಮ ಫ್ರಿಜ್ಜು. ಅಷ್ಟರಲ್ಲಿ ಕಾರು ಗೋಡೆ ಸೇರಿತ್ತು.

ಆ ವಾರವೆಲ್ಲ ನನಗೆ ನೆಮ್ಮದಿಯಿಲ್ಲ. ಟಯರಿನ ಗಾಳಿ ನೋಡಿದೆ, ಮತ್ತೆ ಹೋಗಿ ನೋಡಿದೆ. ಮಳೆ ಬಂದು ಗೃಹಪ್ರವೇಶವೇ ಮುಂದಕ್ಕೆ ಹೋಗಲಿ ಎಂದು ಆಸೆಪಟ್ಟೆ. ಭಾನುವಾರ ಬಿಸಿಲು ಚೆನ್ನಾಗಿಯೇ ಬಿತ್ತು. ಹುಣಸೂರು ರಸ್ತೆಯಲ್ಲಿ ಒಬ್ಬ ಸ್ಕೂಟರಿನವನು ಅಡ್ಡರಸ್ತೆಯಿಂದ ಹಿಂದೆಮುಂದೆ ನೋಡದೆ ನುಗ್ಗಿದ. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವನು ಹಿಂದೆ ಉಳಿದಿದ್ದ, ಸಿಂಚನ ತಣ್ಣಗೆ ಗೇರು ಬದಲಿಸುತ್ತಿದ್ದಳು. ಅವನನ್ನು ಅವಳು ದೂರದಿಂದಲೇ ನೋಡಿದ್ದಳಂತೆ. ನನಗೆ ಬಹಳ ಹೆಮ್ಮೆಯಾಯಿತು.

ಇಲವಾಲದಲ್ಲಿ ಇಳಿದರೆ ಬಲಗಾಲು ನೆಲಕ್ಕೆ ಊರಲಾಗದು. "ಯಾಕಣ್ಣ, ಕುಂಟ್ತಾ ಇದ್ದೀಯ?" ಎಂದು ತಂಗಿ ಗಾಬರಿಯಾದಳು.

"ಏನಿಲ್ಲ ಕಣಮ್ಮ" ಎಂದಳು ಸುಮ, "ಮನೆಯಿಂದ ಇಲ್ಲೀವರ್ಗೂ ಇವರು ಎಡಗಡೆ ಸೀಟಲ್ಲಿ ಬ್ರೇಕ್ ತುಳ್ಕೊಂಡೇ ಬಂದ್ರು."

ಹಿಂತಿರುಗುವಾಗ ನನ್ನನ್ನು ಹಿಂದಿನ ಸೀಟಿಗೆ ಹಾಕಿದರು. ಅಲ್ಲಿ ಕಾಲು ಚಾಚಲು ಜಾಗ ಸಾಲದು. ಬ್ರೇಕ್ ಸರಿಯಾಗಿ ಸಿಕ್ಕುವುದಿಲ್ಲ.