ಮಾವನ ಆರಾಮ ಸೈಕಲ್

ಕೂತು ಮಾಡುವ ಕೆಲಸವನ್ನೆಲ್ಲ ಮಲಗಿಯೇ ಮಾಡಬಹುದೆಂದು ನಂಬಿದ ಮನುಷ್ಯ ಭೂಮಿಯ ಮೇಲೆ ಒಬ್ಬನೇ ಇದ್ದರೆ, ಅವನು ನನ್ನ ಸೋದರಮಾವ! ಶಹಾಪುರದ ಹತ್ತಿರ ಕಾಲುವೆಯ ಗೇಟು ಕಾಯುವ ಕೆಲಸ ಅವನದು. ಕಾಲುವೆ ನೀರಿನ ಹಿಂದೆ ಊರಿಗೆ ಭತ್ತ ಬಂತು. ಭತ್ತದ ಹಿಂದೆ, ಬಾಗಿ ಸಸಿ ನೆಡುವ ಹೆಂಗಸರಿಗೆಲ್ಲ ನಡುನೋವು ಬಂತು. ಮಾವನಿಗೆ ಮಾತ್ರ ವಿಚಾರ ಬಂತು: ಸೈಕಲ್ ಮೇಲೆ ಮನುಷ್ಯ ಬಾಗುವುದೇಕೆ? ಒರಗಿಕೊಂಡು ಹೋದರೆ ಯಾರಪ್ಪನ ಗಂಟು ಹೋಗುತ್ತದೆ?

ಹಳೆಯ ಸೈಕಲ್ಲನ್ನು ವೆಲ್ಡಿಂಗ್ ಅಂಗಡಿಗೆ ಒಯ್ದ. ಮೇಲಿನ ಅಡ್ಡ ಪೈಪಿಗೆ ಕತ್ತರಿ ಬಿತ್ತು. ಸೀಟು ಹಿಂದೆ ಸರಿದು ತಗ್ಗಿತು, ಪೆಡಲು ಮುಂದೆ ಹೋಯಿತು, ಹ್ಯಾಂಡಲು ಎಮ್ಮೆಕೊಂಬಿನಂತೆ ಹಿಂದಕ್ಕೆ ಬಾಗಿತು. ಬೆನ್ನಿಗೆ ಮುರಿದ ಕುರ್ಚಿಯ ಒರಗು!

"ಕಾಕಾ, ಇದು ಸೈಕಲ್ಲಾ, ಪಲಂಗಾ?" ಎಂದ ವೆಲ್ಡರ್.

"ಪಲಂಗಕ್ಕ ಬೆಲ್ ಇರ್ತದೇನೋ? ಸುಮ್ನ ಬೆಸಿ!"

ಮೊದಲ ಸವಾರಿಯಲ್ಲೇ ಆಕಾಶ ನೋಡುತ್ತ ಹೋಗಿ ಎಮ್ಮೆಗೆ ಗುದ್ದಿದ. ನನ್ನ ಅಂದಿನ ದಿನಚರಿಯಲ್ಲಿ ಎಮ್ಮೆ ಎಂದೇ ಬರೆದಿದ್ದೇನೆ. ನೆನಪು ಕತ್ತೆ ಎನ್ನುತ್ತದೆ. ಯಾವುದನ್ನು ನಂಬಲಿ? ಮಾವ ಕಾಲುವೆಗೆ ಬಿದ್ದದ್ದಂತೂ ಎರಡರಲ್ಲೂ ಇದೆ.

ನಮ್ಮ ಕಡೆ ಆರಾಮ ಇಲ್ಲ ಎಂದರೆ ಕಾಯಿಲೆ ಎಂದರ್ಥ. ಮಲಗಿ ಬರುವ ಮಾವನನ್ನು ಕಂಡು ಬಜಾರಿನಲ್ಲಿ ಒಂದೇ ಪ್ರಶ್ನೆ: "ಆರಾಮ ಇಲ್ಲೇನ್ರಿ? ದವಾಖಾನಿಗಿ ಹೊಂಟೀರೇನು?"

"ಆರಾಮ ಅದೀನಿ ಅಂತನ ಮಲ್ಕೊಂಡೀನ್ರಿ!"

ಅವನ ಮೊಣಕಾಲು ಮಾತ್ರ ಪ್ರತಿ ಸುತ್ತಿಗೂ ಹ್ಯಾಂಡಲಿಗೆ ಬಡಿಯುತ್ತಿತ್ತು.

"ಇಷ್ಟುದ್ದ ಆಳು, ಇಷ್ಟು ಗಿಡ್ಡ ಸೈಕಲ್ಲು! ಅಳತಿ ಯಾರ್ದು ತಗೊಂಡಿ ಮಾವಾ?" ಎಂದೆ.

"ಕುಂದ್ರೋರ್ದು," ಎಂದ. ಹೊಸ್ತಿಲ ಮೇಲೆ ಶೇಂಗಾ ಸುಲಿಯುತ್ತಿದ್ದ ಅತ್ತೆ ತಲೆ ತಗ್ಗಿಸಿದಳು.

ಆಗ ಗೊತ್ತಾಯಿತು. ನಡುನೋವಿನ ಅತ್ತೆ ಕ್ಯಾರಿಯರ್ ಮೇಲೆ ಕೂರಲಾರಳು. ಅವಳೇ ಹೊಲಕ್ಕೆ ಹೊಡೆದುಕೊಂಡು ಹೋಗಲೆಂದು, ಸೀರೆಗೆ ಅಡ್ಡವಾಗದಂತೆ ಕಟ್ಟಿಸಿದ್ದ ಸೈಕಲ್ ಅದು.

"ಜನ ನಗತಾರ್ರೀ," ಎಂದಿದ್ದಳಂತೆ ಅತ್ತೆ.

"ನನ್ನ ನೋಡಿ ನಕ್ಕು ನಕ್ಕು ದಣೀಲಿ. ಆಮ್ಯಾಲ ನೀ ಕುಂದ್ರು."

ಅದಕ್ಕೇ ದಿನಾ ಬಜಾರಿನ ನಟ್ಟನಡುವೆ ಮೊಣಕಾಲು ಬಡಿಸಿಕೊಳ್ಳುತ್ತ ಹೋಗುತ್ತಿದ್ದ! ಜನ ದಣಿದರು. ಯಾವಾಗ ದಣಿದರೋ, ನನಗೆ ನೆನಪಿಲ್ಲ. ನಗು ನಿಂತ ದಿನವನ್ನು ಯಾರು ಬರೆದಿಡುತ್ತಾರೆ? ಅಷ್ಟರಲ್ಲಿ ಅತ್ತೆಯ ನಡು ಕೈಕೊಟ್ಟಿತ್ತು. ಕಾಲು ಎತ್ತಿ ಹೊಸ್ತಿಲು ದಾಟುವುದೇ ಕಷ್ಟವಾಯಿತು.

ಮೊನ್ನೆ ಹೋದಾಗ ನಾನೇ ಅದರ ಮೇಲೆ ಕೂತೆ. ನಾನೂ ಅತ್ತೆಯಷ್ಟೇ ಎತ್ತರ. ಕಾಲು ಪೆಡಲಿಗೆ ಸರಿಯಾಗಿ ಮುಟ್ಟಿತು, ಬೆನ್ನು ಒರಗಿತು. ಅಂಗಳದಲ್ಲಿ ಒಂದು ಸುತ್ತು ಹಾಕಿದೆ.

ಕಟ್ಟೆಯ ಮೇಲಿಂದ ಅತ್ತೆ ಕೇಳಿದಳು: "ನಾ ಕುಂತಿದ್ರ ಹಿಂಗ ಕಾಣ್ತಿದ್ನೇನ್ರೀ?"

"ನೀ ಆಗಿದ್ರ ಬೆಲ್ ಬಾರಸ್ತಿದ್ದಿ," ಎಂದ ಮಾವ.

ನಾನು ಬಾರಿಸಿದೆ.